ಎಂಟು ವಾರದ ಕೋರ್ಸು, ವಾರಕ್ಕೆ 17 ಗಂಟೆ: ಅಮೆರಿಕದ ಆನ್‌ಲೈನ್ ಮಾಸ್ಟರ್ಸ್ ಓದುವ ಬಗೆ

[ಪರದೆ: ಕ್ಯಾಲೆಂಡರ್. ಎಂಟು ವಾರಗಳಿಗೆ ಬಣ್ಣ ತುಂಬುತ್ತದೆ.]

ನಮಸ್ಕಾರ. ಅಮೆರಿಕದ ವಿಶ್ವವಿದ್ಯಾಲಯದಿಂದ ಪ್ರೊಫೆಷನಲ್ ಕಮ್ಯುನಿಕೇಷನ್‌ನಲ್ಲಿ ಆನ್‌ಲೈನ್ ಮಾಸ್ಟರ್ಸ್ ಮಾಡಬೇಕು ಅಂದುಕೊಂಡಿದ್ದೀರಾ? ಶುಲ್ಕ ಎಷ್ಟು ಅಂತ ನೋಡುವ ಮುಂಚೆ ಗಂಟೆಗಳ ಲೆಕ್ಕ ಹಾಕೋಣ. ಕೆಲಸ, ಮನೆ ಎರಡನ್ನೂ ತೂಗಿಸಿಕೊಂಡು ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಇಂಥ ಪದವಿಗೆ ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್. ಒಂದು ಕೋರ್ಸಿಗೆ 3 ಕ್ರೆಡಿಟ್, ಅಂದರೆ ಹತ್ತರಿಂದ ಹನ್ನೆರಡು ಕೋರ್ಸು. ಒಂದು ಕ್ರೆಡಿಟ್ ಅಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು. ಆ ಲೆಕ್ಕದಲ್ಲಿ ಒಂದು ಕೋರ್ಸಿಗೆ 135 ಗಂಟೆ. ಆನ್‌ಲೈನ್‌ನಲ್ಲಿ ಇದೇ ಕೋರ್ಸನ್ನು ಅನೇಕ ಕಡೆ ಎಂಟು ವಾರದಲ್ಲಿ ಮುಗಿಸುತ್ತಾರೆ.

[ಪರದೆ: 135 ÷ 8 = ಸುಮಾರು 17]

ಹಾಗಾಗಿ ವಾರಕ್ಕೆ 17 ಗಂಟೆ. ಎರಡು ಕೋರ್ಸು ಒಟ್ಟಿಗೆ ತೆಗೆದುಕೊಂಡರೆ 34. ಪೂರ್ಣಾವಧಿ ಕೆಲಸದಲ್ಲಿರುವವರು ಒಂದು ಸಲಕ್ಕೆ ಒಂದೇ ಕೋರ್ಸು ಹಿಡಿಯಲಿ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ವರ್ಷಕ್ಕೆ ಐದಾರು ಕೋರ್ಸು ಆದರೂ ಎರಡು ವರ್ಷದಲ್ಲಿ ಪದವಿ ಮುಗಿಯುತ್ತದೆ.

ಇನ್ನು ಮಾನ್ಯತೆಯ ಮಾತು. ವಿಶ್ವವಿದ್ಯಾಲಯಕ್ಕೆ ಅಕ್ರೆಡಿಟೇಷನ್ ಇದೆಯೇ ಎಂಬುದನ್ನು ಅಮೆರಿಕದ ಶಿಕ್ಷಣ ಇಲಾಖೆಯ ಜಾಲತಾಣದಲ್ಲೇ ಹುಡುಕಿ ನೋಡಬಹುದು. ಅಮೆರಿಕದಲ್ಲಿ ಎಚ್-4 ವೀಸಾದಲ್ಲಿರುವ (ಅಲ್ಲಿಗೆ ಕೆಲಸಕ್ಕೆ ಹೋದವರ ಸಂಗಾತಿ, ಮಕ್ಕಳಿಗೆ ಕೊಡುವ ವೀಸಾ) ನಮ್ಮವರಿಗೆ ಓದಲು ಅಡ್ಡಿಯಿಲ್ಲ. ಊರಲ್ಲೇ ಕೂತು ಓದುವವರು ಮಾತ್ರ ಒಂದು ವಿಷಯ ಮೊದಲೇ ತಿಳಿದಿರಿ: ಪೂರ್ತಿ ಆನ್‌ಲೈನ್ ಪದವಿಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಭಾರತದಲ್ಲಿ ಪಿಎಚ್‌ಡಿ ಅಥವಾ ಸರ್ಕಾರಿ ನೌಕರಿ ನಿಮ್ಮ ಗುರಿಯಾಗಿದ್ದರೆ, ವಿದೇಶಿ ಪದವಿಗಳ ತತ್ಸಮಾನತೆಯ ನಿಯಮ ಓದದೆ ಹಣ ಕಟ್ಟಬೇಡಿ. ಆನ್‌ಲೈನ್‌ನಲ್ಲಿ ಪಡೆದ ಪದವಿಗೆ ಆ ನಿಯಮದಲ್ಲಿ ತೊಡಕಾಗಬಹುದು.

[ಪರದೆ: ಎರಡು ಗಡಿಯಾರ, ನ್ಯೂಯಾರ್ಕ್ ಮತ್ತು ಬೆಂಗಳೂರು]

ವಾರ ಹೇಗೆ ಸಾಗುತ್ತದೆ? ಸೋಮವಾರ ಪಾಠ ತೆರೆಯುತ್ತದೆ. ಬುಧವಾರ ಅಥವಾ ಗುರುವಾರ ರಾತ್ರಿಯೊಳಗೆ ಚರ್ಚೆಗೆ ನಿಮ್ಮ ಮೊದಲ ಬರಹ, ಭಾನುವಾರ ರಾತ್ರಿಯೊಳಗೆ ಇಬ್ಬರು ಸಹಪಾಠಿಗಳಿಗೆ ಉತ್ತರ ಮತ್ತು ಆ ವಾರದ ಅಸೈನ್‌ಮೆಂಟ್. ಬಹುಪಾಲು ಕೋರ್ಸುಗಳ ಅಚ್ಚು ಇದೇ. ಗಡುವಿನ ಹೊತ್ತಿಗೆ, ಅಂದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 11:59 ಆದಾಗ, ಇಲ್ಲಿ ಮಾರನೆಯ ಬೆಳಗ್ಗೆ 9:29. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕಿಟ್ಟ ಮೇಲೆ ಅದು 10:29 ಆಗುತ್ತದೆ, ಮಾರ್ಚ್ ಎರಡನೇ ಭಾನುವಾರ ಮತ್ತೆ 9:29. ಪಾಠ, ಅಸೈನ್‌ಮೆಂಟ್ ನಡೆಯುವ ಜಾಲತಾಣ ಕ್ಯಾನ್ವಾಸ್ ಆಗಿದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ಕಾಲವಲಯವನ್ನು ಕೋಲ್ಕತ್ತಾಕ್ಕೆ ಬದಲಾಯಿಸಿಕೊಂಡರೆ ಗಡುವು ನಮ್ಮ ಸಮಯದಲ್ಲೇ ಕಾಣುತ್ತದೆ.

ಸೋಮವಾರ ಬೆಳಗ್ಗೆಯವರೆಗೂ ಸಮಯ ಇದೆಯಲ್ಲ ಎಂದು ಭಾನುವಾರಕ್ಕೆ ದೂಡುವುದು ಅಪಾಯ. ನಮ್ಮ ಭಾನುವಾರ ಬೆಳಗ್ಗೆ ಅಂದರೆ ಅವರ ಶನಿವಾರ ರಾತ್ರಿ. ಅನುಮಾನ ಬಂದರೆ ಉತ್ತರಿಸುವವರು ಯಾರೂ ಇರುವುದಿಲ್ಲ. ಪ್ರಾಧ್ಯಾಪಕರಿಗೆ ಕೇಳಬೇಕಾದ್ದನ್ನು ಗುರುವಾರ ಸಂಜೆಯೊಳಗೆ ಕೇಳಿಬಿಡಿ. ಆಗ ಅಲ್ಲಿ ಕಚೇರಿ ಬಾಗಿಲು ತೆರೆಯುವ ಹೊತ್ತು.

ಚರ್ಚೆಯಲ್ಲಿ "ನಿಮ್ಮ ಮಾತು ನಿಜ, ಚೆನ್ನಾಗಿ ಬರೆದಿದ್ದೀರಿ" ಅಂದರೆ ಅಂಕ ಬರುವುದಿಲ್ಲ. ಸಹಪಾಠಿಯ ಒಂದು ವಾಕ್ಯ ಎತ್ತಿಕೊಳ್ಳಿ, ಅದು ಎಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಆ ವಾರದ ಓದಿನಿಂದ ಒಂದು ಉದಾಹರಣೆ ಕೊಡಿ, ಒಂದು ಪ್ರಶ್ನೆ ಕೇಳಿ. ನೂರು ಪದ ಸಾಕು.

[ಪರದೆ: ಒಂದು ಮನವಿ ಪತ್ರ. ಕೊನೆಯ ಸಾಲು ಮೇಲಕ್ಕೆ ಜಿಗಿಯುತ್ತದೆ.]

ಬರವಣಿಗೆಯಲ್ಲಿ ನಮ್ಮವರಿಗೆ ಮೊದಲು ತೊಡಕಾಗುವುದು ಮೆಮೊ, ಅಂದರೆ ಕಚೇರಿಯೊಳಗೆ ಒಬ್ಬರಿಗೊಬ್ಬರು ಬರೆಯುವ ಚಿಕ್ಕ ಪತ್ರ. "ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ" ಎಂದು ಶುರುಮಾಡಿ, ಹಿನ್ನೆಲೆ ಎಲ್ಲ ಹೇಳಿ, ಬೇಕಾದ್ದನ್ನು ಕೊನೆಗೆ ಕೇಳುವುದು ಶಾಲೆಯಿಂದ ಕೈಗೆ ಕೂತ ಅಭ್ಯಾಸ. ಮೆಮೊ ಓದುವವರು ಮೊದಲ ಎರಡು ಸಾಲಲ್ಲೇ ಏನು ಮಾಡಬೇಕು, ಯಾವಾಗಿನೊಳಗೆ ಎಂದು ಹುಡುಕುತ್ತಾರೆ. ಹಾಗಾಗಿ ಮನಸ್ಸಿಗೆ ಬಂದ ಕ್ರಮದಲ್ಲೇ ಬರೆದು ಮುಗಿಸಿ, ಆಮೇಲೆ ಕೊನೆಯ ಪ್ಯಾರಾವನ್ನು ತಲೆಗೆ ತಂದಿಡಿ. ಎಷ್ಟೋ ಸಲ ಅಷ್ಟರಲ್ಲೇ ಅರ್ಧ ತಿದ್ದುಪಡಿ ಆಗಿಹೋಗುತ್ತದೆ.

ಎರಡನೆಯದು ಕೃತಿಚೌರ್ಯ. ಬೇಕೆಂದೇ ಕದಿಯುವವರು ಕಡಿಮೆ. ಮೂಲದ ವಾಕ್ಯ ಎದುರಿಗಿಟ್ಟುಕೊಂಡು ನಾಲ್ಕಾರು ಪದ ಬದಲಾಯಿಸಿದರೂ ನಕಲು ಪತ್ತೆಹಚ್ಚುವ ತಂತ್ರಾಂಶ ಟರ್ನಿಟಿನ್ ಅದನ್ನು ಹಿಡಿಯಬಹುದು, ಪ್ರಾಧ್ಯಾಪಕರೂ ಅದನ್ನು ತಪ್ಪೆಂದೇ ಎಣಿಸುತ್ತಾರೆ. ಕನ್ನಡ ಬಲ್ಲವರಿಗೆ ಇಲ್ಲೊಂದು ಒಳ್ಳೆಯ ದಾರಿ ಇದೆ. ಮೂಲ ಓದಿ, ಪುಟ ಮುಚ್ಚಿ, ಸಾರವನ್ನು ಎರಡು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಆ ಸಾಲುಗಳಿಂದ ಇಂಗ್ಲಿಷ್‌ಗೆ ಬನ್ನಿ. ವಾಕ್ಯದ ಕಟ್ಟೇ ಬೇರೆಯಾಗಿರುತ್ತದೆ. ಲೇಖಕರ ಹೆಸರು, ವರ್ಷ ಮಾತ್ರ ಬಿಡುವ ಹಾಗಿಲ್ಲ. ಎಐ ಎಷ್ಟು ಬಳಸಬಹುದು ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆ; ಪ್ರತಿ ಸಲ ಸಿಲಬಸ್ ನೋಡಿ.

[ಪರದೆ: ಫೋಲ್ಡರ್‌ಗಳ ಸಾಲು]

ಕೊನೆಗೆ ಕ್ಯಾಪ್‌ಸ್ಟೋನ್, ಅಂದರೆ ಪದವಿಯ ಅಂತಿಮ ಪ್ರಾಜೆಕ್ಟ್; ಹಲವು ಕಡೆ ಅದರ ಜೊತೆ ನಿಮ್ಮ ಬರಹಗಳ ಸಂಗ್ರಹ, ಪೋರ್ಟ್‌ಫೋಲಿಯೊ. ತಯಾರಿ ಮೊದಲ ಕೋರ್ಸಿನಿಂದಲೇ ಶುರುವಾಗಲಿ. ಪ್ರತಿ ಅಸೈನ್‌ಮೆಂಟಿನ ಮೊದಲ ಕರಡು, ಪ್ರಾಧ್ಯಾಪಕರ ಟಿಪ್ಪಣಿ, ತಿದ್ದಿದ ಪ್ರತಿ, ಮೂರನ್ನೂ ನಿಮ್ಮ ಸ್ವಂತ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಕೋರ್ಸು ಮುಗಿದ ಮೇಲೆ ಅದರ ಪುಟ ಮುಚ್ಚಿಹೋಗಬಹುದು. ಕಚೇರಿಯ ಕೈಪಿಡಿಯನ್ನೋ ವರದಿಯನ್ನೋ ಪ್ರಾಜೆಕ್ಟಿಗೆ ಬಳಸುವುದಾದರೆ ಮ್ಯಾನೇಜರ್ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಆ ಮ್ಯಾನೇಜರ್ ಬದಲಾದ ದಿನವೇ ಮುಗಿಯುತ್ತದೆ. ಗ್ರಾಹಕರ ಹೆಸರು, ಬೆಲೆ ಇರುವ ಕಡೆ ಕಪ್ಪು ಪಟ್ಟಿ ಎಳೆದರೆ ಸಾಲದು, ಏಕೆಂದರೆ ಪಿಡಿಎಫ್‌ನಲ್ಲಿ ಅದರ ಅಡಿಯ ಅಕ್ಷರ ನಕಲು ಮಾಡಲು ಬರುತ್ತದೆ. ಮೂಲ ಕಡತದಲ್ಲೇ ಅಳಿಸಿ, ಆಮೇಲೆ ಪಿಡಿಎಫ್ ಮಾಡಿ.