ಅಂಗೈಯ ಲಿಂಗ, ಗೂಡಿನ ಲೋಟ

ಕೇಳುಗರಿಗೆ ನಮಸ್ಕಾರ. ಸಮಾಜ ಮತ್ತು ಧರ್ಮದ ಬದಲಾವಣೆಯಲ್ಲಿ ವಿಚಾರಧಾರೆಯ ಪಾತ್ರವನ್ನು ಕುರಿತು ನಾನು ಹೇಳಬೇಕೆಂದಿರುವುದು ಒಂದೇ ಮಾತು: ವಿಚಾರವು ನಿತ್ಯದ ನಡೆಗೆ ಇಳಿದಾಗ ಮಾತ್ರ ಸಮಾಜ ಬದಲಾಗುತ್ತದೆ.

12ನೆಯ ಶತಮಾನದ ಕಲ್ಯಾಣವನ್ನೇ ನೋಡಿ. ದೇವರು ಎಲ್ಲರಿಗೂ ಒಬ್ಬನೇ ಎಂಬ ಮಾತು ಅದಕ್ಕೂ ಮೊದಲೇ ನಾಡಿನಲ್ಲಿತ್ತು. ಬಸವಣ್ಣನವರೂ ಅವರ ಸಂಗಡಿಗರೂ ಆ ಮಾತನ್ನು ಅಂಗೈಗೆ ತಂದರು. ಇಷ್ಟಲಿಂಗವನ್ನು ಮೈಮೇಲೆ ಧರಿಸಿದ ಸಮಗಾರನು ಗುಡಿಯ ಬಾಗಿಲು ತೆರೆಯಲೆಂದು ಕಾಯಬೇಕಾಗಿರಲಿಲ್ಲ; ಅವನ ಪರವಾಗಿ ಪೂಜೆ ಸಲ್ಲಿಸುವವರೂ ಬೇಕಾಗಿರಲಿಲ್ಲ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಜ್ಜಿ ಬೆಳಗಿನ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕುಳಿತರೆಂದರೆ ಯಾರೂ ಜೋರಾಗಿ ಮಾತನಾಡುವಂತಿರಲಿಲ್ಲ. ಬಸವಣ್ಣನವರ ಸಂಗಡಿಗರಾಗಿದ್ದ ಶರಣ ಸಮಗಾರ ಹರಳಯ್ಯನವರ ಕಥೆಯನ್ನು ನಮಗೆ ಕಣ್ಣೀರು ತುಂಬಿಕೊಂಡು ಹೇಳುತ್ತಿದ್ದವರೂ ಅವರೇ. ಆದರೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆಂದು ಹಿತ್ತಲ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೇರೆಯೇ ಇತ್ತು. ಆಕೆ ಅದರಲ್ಲಿ ಕಾಫಿ ಕುಡಿದು, ತಾನೇ ತೊಳೆದು, ಅಲ್ಲೇ ಕವುಚಿ ಇಡಬೇಕಾಗಿತ್ತು. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಆಟದಿಂದ ಬಾಯಾರಿ ಓಡಿಬಂದವನು ಕೈಗೆ ಸಿಕ್ಕ ಆ ಲೋಟದಲ್ಲೇ ನೀರು ಕುಡಿದೆ. ಅಜ್ಜಿ ನನ್ನನ್ನು ಬಚ್ಚಲಿಗೆ ಎಳೆದೊಯ್ದು ತಲೆಯ ಮೇಲೆ ನೀರು ಸುರಿದರು. ಅಂದು ರಾತ್ರಿಯೂ ಮಲಗುವಾಗ ಅವರು ಹೇಳಿದ್ದು ಹರಳಯ್ಯನವರ ಕಥೆಯನ್ನೇ. ದಯವಿಟ್ಟು ಅವರನ್ನು ಕಪಟಿ ಎನ್ನಬೇಡಿ, ಅವರ ಭಕ್ತಿ ಅಪ್ಪಟವಾದದ್ದು. ವಿಚಾರವು ಪೂಜೆಯ ಕೋಣೆಯ ಹೊಸ್ತಿಲನ್ನು ದಾಟಿರಲಿಲ್ಲ, ಅಷ್ಟೇ.

ಕಲ್ಯಾಣದಲ್ಲಿ ಅದು ದಾಟಿತು. ಬ್ರಾಹ್ಮಣ ಮೂಲದ ಶರಣ ಮಧುವರಸನವರ ಮಗಳಿಗೂ ಹರಳಯ್ಯನವರ ಮಗನಿಗೂ ಮದುವೆಯಾಯಿತು. ಅಲ್ಲಿಯವರೆಗೆ ವಚನಗಳನ್ನು ಸಹಿಸಿಕೊಂಡಿದ್ದ ಕಲ್ಯಾಣದ ದೊರೆ ಬಿಜ್ಜಳನ ಆಳ್ವಿಕೆ ಈ ಬೀಗತನವನ್ನು ಸಹಿಸಲಿಲ್ಲ. ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತೆಂದೂ ಶರಣರು ಚದುರಿಹೋದರೆಂದೂ ಪರಂಪರೆ ಹೇಳುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿರುವುದರಿಂದ ಮೈಸೂರು ಸಂಸ್ಥಾನದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 1917ರಲ್ಲಿ ಹುಟ್ಟಿದ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯು ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶದ ಬೇಡಿಕೆಯನ್ನು ಮುಂದಿಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈ ಬೇಡಿಕೆಯನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿದಾಗ, ಸಮಾನತೆ ಎಂಬ ಮಾತು ಕಚೇರಿಯ ಕುರ್ಚಿಗಳ ಲೆಕ್ಕವಾಯಿತು.

ನಮ್ಮ ಮನೆಯ ಆ ಲೋಟ ಗೂಡಿನಿಂದ ಹೊರಟದ್ದು ಎಷ್ಟೋ ವರ್ಷಗಳ ಮೇಲೆ, ಅಮ್ಮ ಆ ಹೆಂಗಸನ್ನು ಅಡುಗೆಮನೆಗೇ ಕರೆದು, ನಾವು ಕುಡಿಯುವ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿಕೊಟ್ಟ ದಿನ. ನಮಸ್ಕಾರ.