ಟ್ರ್ಯಾಪ್‌ನೊಳಗೆ ಚರ್ಚಿನ ಕೀಬೋರ್ಡ್

ಕೇಳುಗರೇ, ನಮಸ್ಕಾರ.

ರ‍್ಯಾಪ್ ಸಂಗೀತದ ಒಂದು ಬಗೆಯಾದ ಟ್ರ್ಯಾಪ್ ಅಂದ ಕೂಡಲೇ ಬರೀ ಡ್ರಗ್ಸ್, ಬಂದೂಕು, ದುಡ್ಡಿನ ಹಾಡು ಎಂದು ಮೂಗು ಮುರಿಯುವವರು ಜಾಸ್ತಿ. ಹುಟ್ಟಿದ್ದು ಅಂಥ ಜಾಗದಲ್ಲೇ, ನಿಜ. ಅಮೆರಿಕದ ಅಟ್ಲಾಂಟಾದಲ್ಲಿ ಮಾದಕ ವಸ್ತು ಮಾರುವ ಮನೆಗಳನ್ನು ಟ್ರ್ಯಾಪ್ ಎಂದು ಕರೆಯುತ್ತಿದ್ದರು. 2003ರಲ್ಲಿ ಟಿ.ಐ. ಎಂಬ ರ‍್ಯಾಪರ್ ‘ಟ್ರ್ಯಾಪ್ ಮ್ಯೂಜಿಕ್’ ಆಲ್ಬಮ್ ತಂದ ಮೇಲೆ ಸಂಗೀತಕ್ಕೂ ಆ ಹೆಸರು ಅಂಟಿಕೊಂಡಿತು. ಆದರೆ ಮೊದಲಿನಿಂದಲೂ ಅದರೊಳಗೆ ಚರ್ಚಿನ ದನಿಯೂ ಇತ್ತು.

ಜೇಟೋವನ್ ಅವರನ್ನೇ ನೋಡಿ. ರ‍್ಯಾಪರ್ ಗುಚ್ಚಿ ಮೇನ್ ಹಾಡುಗಳಿಗೆ ಬೀಟ್, ಅಂದರೆ ಹಿನ್ನೆಲೆ ಸಂಗೀತ, ಕಟ್ಟಿದವರು. 2005ರ ‘ಐಸಿ’ ಹಾಡಿನ ಬೀಟ್ ಅವರದೇ ಕೆಲಸ. ಅಪ್ಪ ಪಾದ್ರಿ. ಮಗ ಕೀಬೋರ್ಡ್ ಕಲಿತದ್ದು ಚರ್ಚಿನಲ್ಲಿ. ಹೆಸರು ಬಂದ ಮೇಲೂ ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವುದನ್ನು ಬಿಡಲಿಲ್ಲ. ಹಾಗಾಗಿ ಹಾಡಿನ ಮಾತು ಬೀದಿಯದ್ದಾದರೂ ಅದರ ಹಿಂದೆ ಓಡಾಡುವ ಬೆರಳುಗಳು ಪ್ರಾರ್ಥನೆಯಲ್ಲಿ ಪಳಗಿದವು.

ಆ ಕೀಬೋರ್ಡಿನ ಕೆಳಗೆ ಇರುವುದು 808. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದು, ಮೂರೇ ವರ್ಷಕ್ಕೆ ನಿಲ್ಲಿಸಿದ ಡ್ರಮ್ ಯಂತ್ರ. ಅದರ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಸದ್ದನ್ನು ಎಳೆದು ಉದ್ದ ಮಾಡಿ, ಬೇರೆ ಬೇರೆ ಸ್ವರಕ್ಕೆ ಕೂರಿಸಿದರೆ ಅದೇ ಬೇಸ್, ಅಂದರೆ ತಗ್ಗು ಸ್ವರದ ಆಧಾರ, ಆಗುತ್ತದೆ. ಹೊಡೆತವೂ ಅದೇ, ರಾಗವೂ ಅದೇ! ಮೇಲೆ ಡ್ರಮ್ ಸೆಟ್ಟಿನ ಜೋಡಿ ತಾಳ ಹೈ-ಹ್ಯಾಟ್ ಸಣ್ಣಗೆ ಚಟಪಟ ಓಡುತ್ತದೆ. ನಡುವೆ ಮಾತು ಮೂರು ಮೂರಾಗಿ ಉರುಳುತ್ತದೆ, ನಮ್ಮ ಮೃದಂಗದವರು ತಿಸ್ರ ನಡೆಗೆ ತಿರುಗಿ ‘ತಕಿಟ ತಕಿಟ’ ಹೇಳುವ ಹಾಗೆ. ಅಮೆರಿಕದ ಮೆಂಫಿಸ್‌ನ ರ‍್ಯಾಪರ್‌ಗಳು ತೊಂಬತ್ತರ ದಶಕದಲ್ಲೇ ಹೀಗೆ ಹಾಡುತ್ತಿದ್ದರು. 2013ರಲ್ಲಿ ಮಿಗೋಸ್ ತಂಡದ ‘ವರ್ಸಾಚಿ’ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ನಡೆ.

ಈ ಚೌಕಟ್ಟಿನಲ್ಲಿ ಜಾಗ ತುಂಬಾ ಇದೆ. ಕೆಳಗೆ ಬೇಸ್, ಮೇಲೆ ಹೈ-ಹ್ಯಾಟ್, ನಡುವೆ ಖಾಲಿ. ಅಲ್ಲಿಗೆ ಏನು ಬೇಕಾದರೂ ಬರಬಹುದು. 2017ರಲ್ಲಿ ರ‍್ಯಾಪರ್ ಫ್ಯೂಚರ್ ಅವರ ‘ಮಾಸ್ಕ್ ಆಫ್’ಗೆ ಕೊಳಲು ಬಂತು. ಅದು ಬೀಟ್ ಕಟ್ಟುವ ಮೆಟ್ರೋ ಬೂಮಿನ್ ಹಳೆಯ ಸಂಗೀತ ನಾಟಕವೊಂದರಿಂದ ಎತ್ತಿಕೊಂಡ ತುಣುಕು. ನಾಟಕ ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟದ ಕುರಿತದ್ದು. ಕಿಂಗ್ ಹುಟ್ಟಿದ್ದೂ ಅಟ್ಲಾಂಟಾದಲ್ಲೇ ಅಲ್ವಾ? ಮಾತ್ರೆ, ದುಡ್ಡು ಎಂದು ಗೊಣಗುವ ದನಿಯ ಹಿಂದೆ ಆ ಕೊಳಲು ಕೇಳಿದಾಗ ನನಗೆ ಹಾಡು ಬಡಾಯಿಯಾಗಿ ಕೇಳಿಸುವುದಿಲ್ಲ, ನೋವಾಗಿ ಕೇಳಿಸುತ್ತದೆ.

2018ರ ಕೊನೆಯಲ್ಲಿ ರ‍್ಯಾಪರ್ ಲಿಲ್ ನ್ಯಾಸ್ ಎಕ್ಸ್ ಬ್ಯಾಂಜೋ ಎಂಬ ತಂತಿವಾದ್ಯ, ಕುದುರೆ, ಕೌಬಾಯ್ ಎಲ್ಲವನ್ನೂ 808 ಮೇಲೆ ಕೂರಿಸಿದರು. ‘ಓಲ್ಡ್ ಟೌನ್ ರೋಡ್’ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ 2019ರಲ್ಲಿ 19 ವಾರ ಮೊದಲನೇ ಸ್ಥಾನದಲ್ಲಿತ್ತು. ಬಿಲ್‌ಬೋರ್ಡ್ ಮಾತ್ರ ಅದನ್ನು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ, ಪಟ್ಟಿಯಿಂದ ತೆಗೆದುಹಾಕಿತು. ತೆಗೆಯಬಾರದಿತ್ತು.

ಹೀಗೆ ಕಂಡದ್ದನ್ನೆಲ್ಲ ಸೇರಿಸಿದರೆ ಟ್ರ್ಯಾಪ್ ತೆಳುವಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2018ರಲ್ಲಿ ಕ್ರೈಸ್ತ ರ‍್ಯಾಪರ್ ಲೆಕ್ರೇ ಮತ್ತು ಅದೇ ಜೇಟೋವನ್ ಸೇರಿ ‘ಲೆಟ್ ದ ಟ್ರ್ಯಾಪ್ ಸೇ ಆಮೆನ್’ ತಂದರು. ಅದೇ ಬೇಸ್, ಅದೇ ಹೈ-ಹ್ಯಾಟ್, ಅದೇ ಬೆರಳುಗಳು. ಮಾತು ಮಾತ್ರ ಮಾದಕ ವಸ್ತುವಿನ ಆ ಮನೆಯಿಂದ ಹೊರಬರುವುದರ ಬಗ್ಗೆ. ಇದು ಸುಮ್ನೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ.

ಕೇಳುವ ಮನಸ್ಸಿದ್ದರೆ ‘ಐಸಿ’ಯಿಂದ ಶುರು ಮಾಡಿ, ಆಮೇಲೆ ಈ ಆಲ್ಬಮ್ ಹಾಕಿ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ 808 ಅರ್ಧಕ್ಕರ್ಧ ಮಾಯವಾಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ನಮಸ್ಕಾರ.