ಅಪ್ ಟು ಡೇಟ್ ಅಂತ ಫೋನ್ ಹೇಳಿದ್ರೆ ನಂಬಬೇಡಿ

ಎಲ್ರಿಗೂ ನಮಸ್ಕಾರ. ಫೋನ್ ನಡೆಸೋ ಗೂಗಲ್ ಸಾಫ್ಟ್‌ವೇರ್ ಆಂಡ್ರಾಯ್ಡ್, ಅದರ 13ನೇ ವರ್ಷನ್ನಲ್ಲಿ ಏನೇನಿದೆ, ಅದು ಯಾವ ಫೋನ್‌ಗೆ ಬರುತ್ತೆ ಯಾವುದಕ್ಕೆ ಬರಲ್ಲ, ಇದನ್ನ ಹತ್ತು ನಿಮಿಷದಲ್ಲಿ ಹೇಳಿ ಅಂತ ಕರೆದಿದ್ದಾರೆ. ಇದಾದ್ಮೇಲೆ 14, 15, 16 ಎಲ್ಲಾ ಬಂದಾಗಿದೆ, ಗೊತ್ತು. ಆದ್ರೂ ನಾನು 13ನ್ನೇ ಗೆರೆ ಅಂತ ಇಟ್ಕೊಂಡಿದೀನಿ, ಯಾಕೆ ಅಂತ ಹೇಳ್ತೀನಿ.

ಅದಕ್ಕೂ ಮುಂಚೆ ಒಂದು ಕೆಲಸ. ಫೋನ್ ಕೈಲಿದ್ರೆ ಸೆಟ್ಟಿಂಗ್ಸ್‌ಗೆ ಹೋಗಿ. ಕೆಳಗಡೆ ಎಲ್ಲೋ 'ಅಬೌಟ್ ಫೋನ್' ಅಂತಿರುತ್ತೆ, ಕನ್ನಡದಲ್ಲಿಟ್ಟಿದ್ರೆ 'ಫೋನ್ ಕುರಿತು' ಅಂತ. ಅದರೊಳಗೆ ಆಂಡ್ರಾಯ್ಡ್ ವರ್ಷನ್ ಅಂತ ಒಂದು ನಂಬರ್ ಇರುತ್ತೆ. ಅದರ ಆಸುಪಾಸಲ್ಲೇ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ತಾರೀಕು, ಕಳ್ಳರು ನುಗ್ಗೋ ತೂತುಗಳನ್ನ ಯಾವಾಗಿನವರೆಗೆ ಮುಚ್ಚಿದಾರೆ ಅಂತ ಹೇಳೋದು. ಈ ನಂಬರು, ಈ ತಾರೀಕು, ಇವೆರಡೇ ಇವತ್ತು ನಾನು ಹೇಳೋ ವಿಷ್ಯ, ಮಿಕ್ಕಿದ್ದೆಲ್ಲಾ ಮರೆತ್ರೂ ಬೇಜಾರಿಲ್ಲ.

13 ಬಂದಿದ್ದು 2022ರ ಆಗಸ್ಟ್ 15ಕ್ಕೆ, ನಮ್ಮ ಸ್ವಾತಂತ್ರ್ಯ ದಿನಾನೇ. ನೋಡೋಕೆ 12ರ ಥರಾನೇ ಇತ್ತು, ಪೇಪರ್‌ನಲ್ಲೆಲ್ಲಾ ಅಂಥ ವಿಶೇಷ ಏನಿಲ್ಲ ಅಂತ ಬರೆದ್ರು. ನನಗೆ ಮಾತ್ರ ಅವತ್ತು ಹಬ್ಬ ಕಣ್ರೀ. ಯಾಕಂದ್ರೆ ಅದರಲ್ಲಿ ಒಂದೊಂದು ಆಪ್‌ಗೆ ಒಂದೊಂದು ಭಾಷೆ ಇಡಬಹುದು. ಫೋನೆಲ್ಲಾ ಇಂಗ್ಲಿಷಲ್ಲಿರ್ಲಿ, ಒಂದು ಆಪ್ ಮಾತ್ರ ಕನ್ನಡದಲ್ಲಿ. ಇಲ್ಲಾ ಅದೇ ಉಲ್ಟಾ. 2012ರಲ್ಲಿ ಜೆಲ್ಲಿ ಬೀನ್ ಅಂತ 4.1 ಬರೋವರೆಗೂ ಎಷ್ಟೋ ಫೋನಲ್ಲಿ ಕನ್ನಡ ಮೆಸೇಜ್ ಬಂದ್ರೆ ಬರೀ ಡಬ್ಬಿ ಡಬ್ಬಿ ಕಾಣ್ತಿತ್ತು, ನೆನಪಿದೆಯಾ? ಆಂಡ್ರಾಯ್ಡ್‌ನ ಮೆನುಗಳು ಕನ್ನಡದಲ್ಲಿ ಬಂದಿದ್ದು 2014ರ ಕೊನೇಲಿ, 5.0 ಜೊತೆಗೆ. ಆ ಡಬ್ಬಿ ಕಾಲದಿಂದ ನೋಡ್ಕೊಂಡು ಬಂದೋನು ನಾನು, ಅದಕ್ಕೇ ಹಬ್ಬ ಅಂದಿದ್ದು.

ಈ ಖುಷೀಲೇ 2023ರಲ್ಲಿ ಯುಗಾದಿ ಕಳೆದ್ಮೇಲೆ ತಿಪಟೂರಿನ ಹತ್ರ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಹೊಸ ಫೋನ್ ತಗೊಂಡಿದ್ರು, ಆಗಿನ್ನೂ ಹದಿನೈದು ದಿನ ಆಗಿತ್ತು, ಸ್ಕ್ರೀನ್ ಮೇಲಿನ ಪ್ಲಾಸ್ಟಿಕ್ ಕೂಡ ಕಿತ್ತಿರ್ಲಿಲ್ಲ, ಖಾಲಿ ಡಬ್ಬಾನ ಬೀರುವಿನಲ್ಲಿ ರೇಷ್ಮೆ ಸೀರೆ ಪಕ್ಕ ಜೋಪಾನವಾಗಿ ಇಟ್ಟಿದ್ರು. ಹೋಗಿ ಕೂತ ತಕ್ಷಣ ಕಾಫಿಗಿಂತ ಮುಂಚೆ ಫೋನ್ ಬಂತು. "ನೋಡೋ, ಮೊಮ್ಮಗನ ನಾಮಕರಣದ ಫೋಟೋ ಎಲ್ಲಾ ಹೋಯ್ತು. ಏನೋ ಇಂಗ್ಲಿಷಲ್ಲಿ ಕೇಳ್ತು, ನಾನು ಹೂಂ ಅಂತ ಒತ್ತಿದೆ." ಡಿಲೀಟ್ ಮಾಡ್ಲಾ ಅಂತ ಕೇಳಿದೆ ಅದು, ಪಾಪ ಇವ್ರು ಹೂಂ ಅಂದಿದ್ದಾರೆ. ಫೋಟೋ ಏನೋ ಅನುಪಯುಕ್ತದ ಬುಟ್ಟೀಲಿ ಸಿಕ್ತು, ವಾಪಸ್ ತಂದೆ. ಹಂಗಾದ್ರೆ ಫೋನೇ ಕನ್ನಡಕ್ಕೆ ಮಾಡಿಬಿಡ್ಲಾ ಅಂದೆ. "ಬೇಡಪ್ಪಾ, ಹಾಸನದಿಂದ ಮಗಳು ಫೋನಲ್ಲಿ ಸೆಟ್ಟಿಂಗ್ಸ್ ಒತ್ತು, ವೈಫೈ ಒತ್ತು ಅಂತ ಇಂಗ್ಲಿಷಲ್ಲೇ ಹೇಳ್ಕೊಡ್ತಾಳೆ, ಎಲ್ಲಾ ಬದಲಾಯ್ಸಿದ್ರೆ ನಂಗೂ ತಿಳಿಯಲ್ಲ ಅವಳಿಗೂ ತಿಳಿಯಲ್ಲ. ಫೋಟೋದ್ದು ಮಾತ್ರ ನನ್ ಭಾಷೇಲಿ ಇರ್ಲಿ ಕಣೋ, ಮಿಕ್ಕಿದ್ದು ನಿಮ್ ಇಂಗ್ಲಿಷ್ ಆಗ್ಲಿ."

ಎಂಥ ಮಾತು ನೋಡಿ! 13ರಲ್ಲಿ ಇರೋದು ಕರೆಕ್ಟಾಗಿ ಅದೇ. ಭಾರೀ ಜಂಬದಿಂದ ಒಂದೇ ನಿಮಿಷ ದೊಡ್ಡಮ್ಮ ಅಂತ ಸೆಟ್ಟಿಂಗ್ಸ್ ತೆಗೆದೆ, ಆಪ್ ಲ್ಯಾಂಗ್ವೇಜಸ್ ಹುಡುಕಿದೆ. ಇಲ್ಲ. ಮತ್ತೆ ಹುಡುಕಿದೆ, ಇಲ್ಲವೇ ಇಲ್ಲ. ಆಮೇಲೆ ಬುದ್ಧಿ ಬಂದು ಅಬೌಟ್ ಫೋನ್ ನೋಡ್ತೀನಿ, ಆಂಡ್ರಾಯ್ಡ್ 11! ಹದಿನೈದು ದಿನದ ಫೋನು, 2020ರ ವರ್ಷನ್ನು. ಸರಿ ಅಪ್‌ಡೇಟ್ ಮಾಡಣ ಅಂತ ಸಿಸ್ಟಮ್ ಅಪ್‌ಡೇಟ್ ಒತ್ತಿದ್ರೆ ಹಸಿರು ಟಿಕ್ ಮಾರ್ಕ್ ಜೊತೆ ಬಂತು ಉತ್ತರ, ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ ಅಂತ.

ಈ ಮಾತಿಗೇ ನಂಗೆ ಸಿಟ್ಟು ಬರೋದು. ಅಪ್ ಟು ಡೇಟ್ ಅಂದ್ರೆ ಲೇಟೆಸ್ಟ್ ಅಂತ ಅಲ್ಲ. ಕಂಪನಿಯವ್ರು ಈ ಫೋನ್‌ಗೆ ಕಳಿಸಿದ್ದನ್ನೆಲ್ಲಾ ನೀವು ಹಾಕ್ಕೊಂಡಿದೀರ, ಅಷ್ಟೇ ಅದರ ಅರ್ಥ. ಅವ್ರು ಕಳಿಸೋದನ್ನೇ ನಿಲ್ಲಿಸಿಬಿಟ್ಟಿದ್ರೆ ಫೋನ್ ಸಾಯೋವರೆಗೂ ಆ ಹಸಿರು ಟಿಕ್ ಹಂಗೇ ಇರುತ್ತೆ! ಅದಕ್ಕೇ ಆ ಮಾತು ನಂಬಬೇಡಿ, ನಂಬರ್ ನೋಡಿ, ತಾರೀಕು ನೋಡಿ. ದೊಡ್ಡಮ್ಮನಿಗೆ ವಿಷ್ಯ ಹೇಳ್ದೆ. ಒಂದು ನಿಮಿಷ ಸುಮ್ನಿದ್ದು, "ಅಟ್ಟದಲ್ಲಿದ್ದ ಹಳೇ ಮಾಲು ಕೊಟ್ನಾ ಹಂಗಾದ್ರೆ? ನಮ್ ಕೊಬ್ಬರಿ ಅಟ್ಟದಲ್ಲಿ ವರ್ಷ ಇದ್ರೆ ರೇಟು ಬರುತ್ತೆ, ಫೋನಿಗೂ ಹಂಗೇನಾ?" ಅಂದ್ರು. ಅಂಗಡಿಯವ್ನು ಕ್ಯಾಮರಾ ಎಷ್ಟು, ರ‍್ಯಾಮ್ ಎಷ್ಟು ಅಂತೆಲ್ಲಾ ಬಾಯಿಪಾಠ ಒಪ್ಪಿಸಿದ್ನಂತೆ, ವರ್ಷನ್ ಅವ್ನೂ ಹೇಳ್ಲಿಲ್ಲ ಇವ್ರೂ ಕೇಳ್ಲಿಲ್ಲ.

ಯಾಕೆ ಹಿಂಗಾಗುತ್ತೆ? ಹೇಮಾವತಿ ನಾಲೆ ಥರ ಅಂದ್ಕೊಳ್ಳಿ. ಗೊರೂರಲ್ಲಿ ಗೇಟ್ ಎತ್ತಿದ ತಕ್ಷಣ ನಿಮ್ಮ ತೋಟಕ್ಕೆ ನೀರು ಬರುತ್ತಾ? ಗೂಗಲ್‌ನವ್ರು ಹೊಸ ವರ್ಷನ್ ಬಿಡ್ತಾರೆ, ಅದು ಗೇಟು. ಆಮೇಲೆ ನಿಮ್ಮ ಫೋನಿನ ಚಿಪ್ ಮಾಡಿದೋರು, ಕ್ವಾಲ್ಕಾಮೋ ಮೀಡಿಯಾಟೆಕ್ಕೋ, ಅವ್ರು ಆ ಚಿಪ್‌ಗೆ ಬೇಕಾದ ಡ್ರೈವರ್, ಅಂದ್ರೆ ಹೊಸ ವರ್ಷನ್ನು ಆ ಚಿಪ್ ಜೊತೆ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್, ಕೊಡಬೇಕು. ಆಮೇಲೆ ಫೋನ್ ಕಂಪನಿಯವ್ರು ತಮ್ಮ ಬಣ್ಣ ಬಳಿದು ಟೆಸ್ಟ್ ಮಾಡಿ ಕಳಿಸಬೇಕು. ಮಧ್ಯದಲ್ಲಿ ಯಾರೋ ಒಬ್ಬ ನೀರುಗಂಟಿ ಕೈ ಎತ್ತಿದ್ರೂ ನಾಲೆ ಕೊನೇಲಿರೋ ನಿಮ್ಗೆ ಹನಿ ನೀರಿಲ್ಲ. ಐಫೋನಲ್ಲಿ ಇದೆಲ್ಲಾ ಒಂದೇ ಕಂಪನಿ ಕೈಲಿರೋದ್ರಿಂದ 2017ರ ಐಫೋನ್ 8ಕ್ಕೂ 2022ರ ಐಓಎಸ್ 16, ಅಂದ್ರೆ ಐಫೋನ್ ನಡೆಸೋ ಸಾಫ್ಟ್‌ವೇರ್, ಸಿಕ್ತು, ಇರ್ಲಿ, ಅದರ ರೇಟ್ ಬೇರೆ ಮಾತು.

ರ‍್ಯಾಮ್ ಅಂದ್ರೆ ಫೋನ್ ಕೆಲಸ ಮಾಡೋವಾಗ ಬಳಸೋ ಮೆಮೊರಿ, ಅದು ಜಾಸ್ತಿ ಇದ್ರೆ ಹೊಸ ವರ್ಷನ್ ಬರುತ್ತೆ ಅಂತ ಕೆಲವರು ತಿಳ್ಕೊಂಡಿದಾರೆ. ಇಲ್ಲ ಸ್ವಾಮಿ. ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್10 ಅಂತ 2019ರ ದುಬಾರಿ ಫೋನು, 8 ಜಿಬಿ ರ‍್ಯಾಮು, ಅದು 12ಕ್ಕೇ ನಿಂತ್ಹೋಯ್ತು. ಮುಂದಿನ ವರ್ಷದ ಎಸ್20ಗೆ 13 ಬಂತು. ಗೂಗಲ್‌ನದ್ದೇ ಪಿಕ್ಸೆಲ್ 3ಕ್ಕೆ ಇಲ್ಲ, 4ರಿಂದ ಮೇಲಕ್ಕೆ ಉಂಟು. ಅದೇ ಕಮ್ಮಿ ರೇಟಿನ ಫೋನ್‌ಗಳಿಗೆ ಅಂತ ಮಾಡಿರೋ 13ರ ಗೋ ಎಡಿಷನ್‌ಗೆ 2 ಜಿಬಿ ಸಾಕು! ಅಂದ್ರೆ ಫೋನಿನ ತಾಕತ್ತಿನ ಪ್ರಶ್ನೆ ಅಲ್ಲ, ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀನಿ ಅಂತ ಕಂಪನಿ ಮಾತು ಕೊಟ್ಟಿದೆ ಅನ್ನೋದರ ಪ್ರಶ್ನೆ. 2023ರ ಪಿಕ್ಸೆಲ್ 8ಕ್ಕೆ, 2024ರ ಗ್ಯಾಲಕ್ಸಿ ಎಸ್24ಗೆ ಏಳು ವರ್ಷ ಅಂತ ಹೇಳಿದಾರೆ. ನೀವು ನೋಡ್ತಿರೋ ಫೋನಿಗೆ ಎಷ್ಟು? ಕೇಳಿ ಅಂಗಡಿಯವ್ರನ್ನ. ಗೊತ್ತಿಲ್ಲ ಅಂದ್ರೆ ಫೋನ್ ಕೆಳಗಿಟ್ಟು ಪಕ್ಕದ ಅಂಗಡಿಗೆ ಹೋಗಿ.

ಕೊಟ್ಟಿದ್ದ ಹತ್ತು ನಿಮಿಷದಲ್ಲಿ ಮುಕ್ಕಾಲು ದೊಡ್ಡಮ್ಮನೇ ತಗೊಂಡ್ರು, ಮಿಕ್ಕಿದ್ದು ಬೇಗ ಬೇಗ ಹೇಳಿಬಿಡ್ತೀನಿ. 13ರಲ್ಲಿ ಹೊಸದಾಗಿ ಹಾಕೋ ಆಪ್ ನೋಟಿಫಿಕೇಶನ್ ಕಳಿಸ್ಲಾ ಅಂತ ಮೊದಲು ಕೇಳಬೇಕು, ಸಾಲ ಬೇಕಾ ರಮ್ಮಿ ಆಡ್ತೀರಾ ಅಂತ ಟಿಂಗ್ ಟಿಂಗ್ ಅನ್ನೋದಕ್ಕೆಲ್ಲಾ ಬೇಡ ಅನ್ನಿ. ನೀವು ಕಾಪಿ ಮಾಡಿದ ಪಾಸ್‌ವರ್ಡು ಗಿಸ್‌ವರ್ಡು ಸ್ವಲ್ಪ ಹೊತ್ತಾದ್ಮೇಲೆ ಕ್ಲಿಪ್‌ಬೋರ್ಡಿಂದ ತಾನೇ ಅಳಿಸಿಹೋಗುತ್ತೆ. ಇನ್ನೊಂದು, ಇದು ಮುಖ್ಯ, ಇದಕ್ಕೆ ಜಾಸ್ತಿ ಟೈಮ್ ಕೊಡಬೇಕಿತ್ತು. ವಾಟ್ಸಾಪಲ್ಲಿ ಮದುವೆ ಕರೆಯೋಲೆ ಅಂತ, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್, ಅಂದ್ರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಆಪ್ ಹಾಕೋ ಫೈಲ್, ಬರುತ್ತಲ್ಲಾ, ಅಂಥದ್ದು ಹಾಕ್ಕೊಂಡ್ರೆ ಕೆಲವು ಆಪ್‌ಗಳು ಆಕ್ಸೆಸಿಬಿಲಿಟಿ ಅನ್ನೋ ಪರ್ಮಿಷನ್ ಕೇಳಿ ನಿಮ್ಮ ಸ್ಕ್ರೀನೇ ಓದೋಕೆ ಶುರು ಮಾಡುತ್ವೆ. ಹಂಗೆ ಹೊರಗಿಂದ ಬಂದ ಆಪ್‌ಗೆ ಆ ಪರ್ಮಿಷನ್ ಕೊಡೋಕೆ ಹೋದ್ರೆ ನಿಮ್ಮ ಸುರಕ್ಷತೆಗಾಗಿ ಇದನ್ನ ತಡೆದಿದೀವಿ ಅಂತ ಅಡ್ಡ ನಿಲ್ಲೋದು ಶುರುವಾಗಿದ್ದು 13ರಿಂದ. ಅದನ್ನ ಬಿಡಿಸೋಕೂ ದಾರಿ ಇದೆ, ಕಳ್ಳರು ಫೋನ್ ಮಾಡಿ ಆ ದಾರೀನೂ ಹೇಳ್ಕೊಡ್ತಾರೆ, ಕೇಳಬೇಡಿ. ಅದಕ್ಕೇ ನಾನು 13ನ್ನ ಗೆರೆ ಅಂದಿದ್ದು.

ಹಳೇ ಫೋನ್ ಇರೋರು ಗಾಬರಿ ಆಗಬೇಡಿ, ನಾಳೆ ಬೆಳಿಗ್ಗೇನೇ ಬಿಸಾಕಿ ಅಂತ ಹೇಳ್ತಿಲ್ಲ. ಫೋಟೋ, ಹಾಡು, ಮಾತುಕತೆಗೆ ಇರ್ಲಿ, ದುಡ್ಡಿನ ಆಪ್ ಮಾತ್ರ ಅದರಲ್ಲಿ ಬೇಡ. ಅಪ್‌ಡೇಟ್ ಬರೋ ಫೋನ್ ಇದ್ರೆ ಚಾರ್ಜ್ ಅರ್ಧಕ್ಕಿಂತ ಮೇಲಿಟ್ಟು ವೈಫೈಯಲ್ಲಿ ಹಾಕ್ಕೊಳ್ಳಿ, ಮಧ್ಯೆ ಆಫ್ ಮಾಡಬೇಡಿ. ಬ್ಯಾಕಪ್ ಬಗ್ಗೆ ಹೇಳೋಕೆ ಟೈಮ್ ಉಳೀಲಿಲ್ಲ, ಮನೇಲಿರೋ ಹುಡುಗ್ರನ್ನ ಕೇಳಿ. ಹಂಗೇ ಆ ಹುಡುಗ್ರ ಫೋನೂ ಈಸ್ಕೊಂಡು ನಂಬರು, ತಾರೀಕು ನೋಡಿ, ಅವ್ರೂ ನೋಡಿರಲ್ಲ. ನಮಸ್ಕಾರ.